ಕೊಬ್ಬು, ನೆಣ, ಬೊಜ್ಜು: ಯಾವುದಕ್ಕೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು. ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹಾರ್ಮೋನುಗಳ ಪಾಠದ ಜೊತೆಗೆ ಓದಲಿ ಎಂದು, ಹಸಿವು ತಗ್ಗಿಸುವ ಲೆಪ್ಟಿನ್ ಎಂಬ ಹಾರ್ಮೋನಿನ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಮೊನ್ನೆ ಅದನ್ನು ತರಗತಿಯಲ್ಲಿ ಓದಿದೆ. "ಕೊಬ್ಬು ರಕ್ತಕ್ಕೆ ಲೆಪ್ಟಿನ್ ಬಿಡುತ್ತದೆ" ಎಂಬಲ್ಲಿಗೆ ಬಂದಾಗ ಒಬ್ಬಳು ಹುಡುಗಿ ಎದ್ದು ಕೇಳಿದಳು: "ಹಾಗಾದ್ರೆ ತುಪ್ಪ ತಿಂದ್ರೆ ಲೆಪ್ಟಿನ್ ಸಿಗ್ತದಾ ಟೀಚರ್?"

ಅವಳು ಕೇಳಿದ್ದು ಸರಿಯಾಗಿಯೇ ಇದೆ. ತುಪ್ಪ, ತೆಂಗಿನೆಣ್ಣೆ ಎಲ್ಲ ಕೊಬ್ಬು ಎಂದು ಆಹಾರದ ಪಾಠದಲ್ಲಿ ಕಲಿಸಿದವಳು ನಾನು. ಈಗ ಚರ್ಮದ ಅಡಿಯಲ್ಲಿ, ಕರುಳಿನ ಸುತ್ತ ಇರುವ ಜೀವಂತ ಅಂಗಕ್ಕೂ ಅದೇ ಪದ ಬಳಸಿದ್ದೇನೆ. ರಕ್ತನಾಳ, ನರ, ಕೋಟ್ಯಂತರ ಕೋಶ ಇರುವ ಅಂಗ ಅದು. ತುಪ್ಪಕ್ಕೆ ಅದ್ಯಾವುದೂ ಇಲ್ಲವಲ್ಲ.

ಅದು ಅಂಗ ಎಂದು ಗೊತ್ತಾದ ಕತೆಯೇ ನನ್ನ ಬರಹದ ಜೀವ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟುಗುಣದಿಂದಲೇ ವಿಪರೀತ ದಪ್ಪಗಾಗುವ ಎರಡು ಬಗೆಯ ಇಲಿಗಳಿದ್ದವು. ಒಂದನ್ನು ಓಬಿ ಎಂದೂ ಇನ್ನೊಂದನ್ನು ಡಿಬಿ ಎಂದೂ ಕರೆಯುತ್ತಿದ್ದರು. ನೋಡಲು ಎರಡೂ ಒಂದೇ ತರ. ಅಲ್ಲಿನ ವಿಜ್ಞಾನಿ ಡಗ್ಲಸ್ ಕೋಲ್ಮನ್ ಎರಡೆರಡು ಇಲಿಗಳ ಮೈಯನ್ನು ಹೊಲಿದು, ರಕ್ತ ಒಂದರಿಂದ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಸಾಮಾನ್ಯ ಇಲಿಯ ಜೊತೆ ಸೇರಿಸಿದಾಗ ಓಬಿ ಇಲಿ ಕಡಿಮೆ ತಿಂದಿತು, ಅಷ್ಟು ದಪ್ಪಗಾಗಲಿಲ್ಲ. ಸಾಮಾನ್ಯ ಇಲಿಯನ್ನು ಡಿಬಿ ಇಲಿಯ ಜೊತೆ ಸೇರಿಸಿದಾಗ ಆದದ್ದೇ ಬೇರೆ. ಡಿಬಿ ದಪ್ಪಗೇ ಉಳಿಯಿತು, ಜೊತೆಗಿದ್ದ ಸಾಮಾನ್ಯ ಇಲಿ ಊಟ ಬಿಟ್ಟು ಸತ್ತಿತು. ಓಬಿಯಲ್ಲಿ "ಹೊಟ್ಟೆ ತುಂಬಿತು, ಸಾಕು" ಎಂಬ ಸಂದೇಶವೇ ಇಲ್ಲ, ಡಿಬಿಯಲ್ಲಿ ಸಂದೇಶ ಬೇಕಾದಷ್ಟಿದೆ, ಕೇಳಿಸುವ ಕಿವಿ ಇಲ್ಲ ಎಂದು ಕೋಲ್ಮನ್ ಊಹಿಸಿದರು. ಆ ಸಂದೇಶ ಯಾವುದು, ಎಲ್ಲಿಂದ ಹೊರಡುತ್ತದೆ ಎನ್ನುವುದು ಗೊತ್ತಾಗಲು 1994ರವರೆಗೆ ಕಾಯಬೇಕಾಯಿತು. ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಆ ಸಂದೇಶದ ಜೀನನ್ನು ಹಿಡಿಯಿತು. ಜೀನು ಕೆಲಸ ಮಾಡುತ್ತಿದ್ದದ್ದು, ಎಲ್ಲರೂ ಸುಮ್ನೆ ಕೊಬ್ಬಿನ ದಾಸ್ತಾನು ಕೋಣೆ ಎಂದುಕೊಂಡಿದ್ದ ಈ ಅಂಗದಲ್ಲಿ! ಇಬ್ಬರಿಗೂ 2010ರಲ್ಲಿ ಲಾಸ್ಕರ್ ಪ್ರಶಸ್ತಿ ಸಿಕ್ಕಿತು.

ಆ ಸಂದೇಶಕ್ಕೆ ಲೆಪ್ಟಿನ್ ಎಂಬ ಹೆಸರು ಬಂದದ್ದು ಗ್ರೀಕಿನ ಲೆಪ್ಟೋಸ್‌ನಿಂದ. ಅರ್ಥ, ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, "ಸಪುರ". ಇದನ್ನು ಹೇಳಿದ ಕೂಡಲೇ ಮಕ್ಕಳ ಮುಖ ಅರಳಿತು. ತೋರ, ಸಪುರ ಎಂಬ ಜೋಡಿ ಪದ ತುಳುವಿನಲ್ಲೂ ಉಂಟು, ಹವ್ಯಕರ ಮನೆಮಾತಿನಲ್ಲೂ ಉಂಟು. "ತೆಳ್ಳಗೆ" ಎಂದು ಬರೆದಿದ್ದರೆ ಅಷ್ಟು ಹತ್ತಿರ ಆಗುತ್ತಿರಲಿಲ್ಲ.

ಈಗ ಪದಕ್ಕೆ ಬರುತ್ತೇನೆ. ವಸ್ತುವಿಗೆ ಕೊಬ್ಬು, ಅಂಗಕ್ಕೆ ನೆಣ ಎಂದು ಬೇರೆ ಮಾಡಬಹುದು ಎಂದು ನನಗೆ ಅನಿಸುತ್ತದೆ. ಬೇರೆ ಮಾಡಲೇಬೇಕಾದ ಒಂದು ಕಡೆ ಹೇಳುತ್ತೇನೆ. ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆ ಇದೆ. ಅದರಲ್ಲಿ ಈ ಅಂಗವೇ ಇರುವುದಿಲ್ಲ, ಇಲ್ಲವೇ ತೀರಾ ಕಡಿಮೆ ಇರುತ್ತದೆ. ಆಗ ಕೊಬ್ಬು, ತುಂಬಿಡಲು ಜಾಗ ಸಿಗದೆ, ಲಿವರಿನಲ್ಲಿ, ಸ್ನಾಯುವಿನಲ್ಲಿ ಸೇರಿಕೊಳ್ಳುತ್ತದೆ. ಸಪುರ ಇದ್ದವರಿಗೆ ಜೋರಾದ ಸಕ್ಕರೆ ಕಾಯಿಲೆ ಬರುತ್ತದೆ. ನಾನು ಮೊದಲು ಬರೆದದ್ದು ಹೀಗೆ: "ಕೊಬ್ಬು ಇಲ್ಲದ ಕಾರಣ ಲಿವರಿನಲ್ಲಿ ಕೊಬ್ಬು ತುಂಬುತ್ತದೆ." ಓದಿದವರು ಅಚ್ಚಿನ ತಪ್ಪು ಎಂದುಕೊಳ್ಳುತ್ತಾರೆ. "ನೆಣ ಇಲ್ಲದ ಕಾರಣ ಕೊಬ್ಬು ಲಿವರಿಗೆ ಹೋಗಿ ಸೇರುತ್ತದೆ" ಎಂದು ತಿದ್ದಿದೆ. ಈಗ ಅರ್ಥವಾಗುತ್ತದೆ ಅಲ್ವಾ?

ಕೊಬ್ಬು ಎಂಬ ಪದಕ್ಕೆ ಇನ್ನೊಂದು ತೊಂದರೆ ಇದೆ. ನನ್ನ ದೊಡ್ಡಮ್ಮ ಕಡ್ಡಿಯ ಹಾಗೆ ಸಪುರ. ಎಪ್ಪತ್ತು ದಾಟಿದರೂ ದಿನಾ ತೋಟಕ್ಕೆ ಹೋಗಿ ಅಡಿಕೆ ಹೆಕ್ಕುತ್ತಾರೆ. ಹೋದ ವರ್ಷ ಸ್ಕ್ಯಾನ್ ಮಾಡಿಸಿದಾಗ ಡಾಕ್ಟರು ಮಲಯಾಳದಲ್ಲಿ "ಲಿವರಿಲ್ ಕೊಳುಪ್ಪ್ ಉಂಡ್" ಎಂದರು. ನಾನು ಹಾಗೇ ಕನ್ನಡಕ್ಕೆ ತಂದು "ಲಿವರಿನಲ್ಲಿ ಕೊಬ್ಬು ಉಂಟಂತೆ" ಎಂದೆ. ದೊಡ್ಡಮ್ಮನ ಮುಖ ಬಾಡಿತು. "ಬೆಳಗ್ಗಿಂದ ಬೈಗಿನವರೆಗೆ ದುಡಿಯುವವಳಿಗೆ ಎಲ್ಲಿಯ ಕೊಬ್ಬು ಮಾರಾಯ್ತಿ?" ಎಂದರು. ಬಸ್ಸಿನಲ್ಲಿ ಬರುವಾಗಲೂ ಮಾತಿಲ್ಲ. "ಅವನಿಗೆ ಕೊಬ್ಬು ಜಾಸ್ತಿ" ಎಂದು ನಾವು ಬೈಯುವ ಪದವೇ ಅದು. ಕೊಳುಪ್ಪ್ ಕೂಡ ಅದೇ ಬೇರಿನದು. ಅಲ್ಲಿನ ಳ ನಮ್ಮ ಹಳೆಗನ್ನಡದ ೞ. ತಮಿಳಿನಲ್ಲೂ ಸೊಕ್ಕಿಗೆ ಇದೇ ಪದ ನಡೆಯುತ್ತದೆ. ಕಾಯಿಲೆಯ ಹೆಸರು ಕೇಳಿ ರೋಗಿ ಅವಮಾನ ಪಡಬಾರದು.

ದೊಡ್ಡಮ್ಮನ ತರದವರು ನಮ್ಮ ದೇಶದಲ್ಲಿ ಕಡಿಮೆಯೇನಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಲೆಕ್ಕ ಕೊಟ್ಟಿದ್ದರು. ಎತ್ತರಕ್ಕೂ ತೂಕಕ್ಕೂ ಹೊಂದಿಸಿ ನೋಡುವ ಬಿಎಂಐ ಇಬ್ಬರದ್ದೂ 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ಹೊರಗಿನಿಂದ ನೋಡಿ ತೋರ, ಸಪುರ ಎಂದು ಹೇಳಿದರೆ ಒಳಗಿನದ್ದು ತಿಳಿಯುವುದಿಲ್ಲ.

ಬೊಜ್ಜು ಎಂಬ ಪದಕ್ಕೂ ಇಲ್ಲಿ ಕೆಲಸ ಇದೆ. ತೆಲುಗಿನ ಬೊಜ್ಜ ಎಂದರೆ ಹೊಟ್ಟೆ. ನಮ್ಮಲ್ಲೂ ಬೊಜ್ಜು ಎಂದ ಕೂಡಲೇ ಕಣ್ಣಿಗೆ ಬರುವುದು ಹೊಟ್ಟೆಯೇ. ಪತ್ರಿಕೆಗಳು ಇಡೀ ಮೈ ದಪ್ಪಗಾಗುವುದಕ್ಕೂ ಅದನ್ನೇ ಬಳಸುತ್ತಿವೆ. ಆದರೆ ತೊಡೆಯಲ್ಲಿ ಸೇರುವುದಕ್ಕಿಂತ ಹೊಟ್ಟೆಯೊಳಗೆ ಸೇರುವುದೇ ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಹೆಚ್ಚು ಹತ್ತಿರ. ಅದಕ್ಕೇ ಡಾಕ್ಟರು ಸೊಂಟದ ಸುತ್ತಳತೆ ತೆಗೆಯುವುದು. ಹೀಗಿರುವಾಗ ಬೊಜ್ಜನ್ನು ಹೊಟ್ಟೆಗೇ ಬಿಟ್ಟುಕೊಟ್ಟರೆ ಚೆನ್ನಾಗಿರುತ್ತದೆ. ಇಡೀ ಮೈಯದ್ದಕ್ಕೆ ಮಲಯಾಳದಲ್ಲಿ ಪೊಣ್ಣತ್ತಡಿ ಎನ್ನುತ್ತಾರೆ. ನಮ್ಮಲ್ಲಿ "ಅತಿತೂಕ" ಎಂದರೆ ಸಾಕಾಗುವುದಿಲ್ಲ, ತೂಕ ಸ್ನಾಯುವಿನದ್ದೂ ಆಗಬಹುದು.

ನೆಣಕ್ಕೆ ನನ್ನ ಸಹೋದ್ಯೋಗಿಯೊಬ್ಬರ ಆಕ್ಷೇಪ ಇದೆ. ಅದು ಮಾಂಸದಂಗಡಿಯ ಪದ, ಇಲ್ಲವಾದರೆ ಹಳೆಯ ಕಾವ್ಯದ ಯುದ್ಧದಲ್ಲಿ ನೆತ್ತರಿನ ಜೊತೆ ಬರುವ ಪದ, ಮನುಷ್ಯರಿಗೆ ಒಪ್ಪುವುದಿಲ್ಲ ಎನ್ನುತ್ತಾರೆ. ಮೇದಸ್ಸು ಎಂದು ಬರೆಯಿರಿ ಎಂಬುದು ಅವರ ಸಲಹೆ. ನನಗೆ ಒಪ್ಪಿಗೆ ಇಲ್ಲ. ಲಿವರ್, ಕರುಳು, ಮೂಳೆ ಎಲ್ಲವೂ ಮಾಂಸದಂಗಡಿಯಲ್ಲೂ ಇವೆ, ನಮ್ಮ ಮೈಯಲ್ಲೂ ಇವೆ. ನೆಣಕೋಶ, ಬಿಳಿ ನೆಣ, ಕಂದು ನೆಣ ಎಂದು ಸಲೀಸಾಗಿ ಪದ ಕಟ್ಟಲೂ ಬರುತ್ತದೆ. ಎಳೆ ಮಗುವಿನ ಮೈ ಬೆಚ್ಚಗಿಡುವುದು ಕಂದು ನೆಣ. ಅದು ಕೊಬ್ಬನ್ನು ಉರಿಸಿ ಶಾಖ ಮಾಡುತ್ತದೆ. ಈ ಸಣ್ಣ ವಾಕ್ಯದಲ್ಲೂ ಎರಡು ಪದ ಬೇಕಾಯಿತು ನೋಡಿ.

ಇಷ್ಟು ತಿಳಿಸಿ: ನಿಮ್ಮ ಕಡೆ ನೆಣ ಎಂದರೆ ಜನರಿಗೆ ಅಸಹ್ಯ ಆಗುತ್ತದಾ? ಸೊಲ್ಲಾಪುರ, ಹೊಸೂರು, ರಾಯದುರ್ಗದ ಕಡೆಯವರು ಮನೆಯಲ್ಲಿ ಏನು ಹೇಳುತ್ತೀರಿ? ಲಿವರಿನ ಕೊಬ್ಬಿಗೆ ರೋಗಿಯ ಮನಸ್ಸು ನೋಯದ ಬೇರೆ ಮಾತು ಇದ್ದರೆ ಅದನ್ನೂ ಬರೆಯಿರಿ. ಮುಂದಿನ ತಿಂಗಳು ದೊಡ್ಡಮ್ಮನನ್ನು ಮತ್ತೆ ಸ್ಕ್ಯಾನಿಗೆ ಕರೆದುಕೊಂಡು ಹೋಗಲಿಕ್ಕಿದೆ.