ಪುಟ್ಟೀ, ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಪೂರ್ತಿ ಕೇಳು

ಪುಟ್ಟೀ, ನಿನ್ನ ಮೆಸೇಜ್ ನೋಡ್ದೆ. 2014ರ ಸ್ವಿಫ್ಟ್ ಡೀಸೆಲ್ ನೋಡಿದೀವಿ, ಒಳಗಿರೋದು ಫಿಯಟ್ ಇಂಜಿನ್ನಂತೆ, ಫಿಯಟ್ ಕಾರೇ ಈಗ ಬರಲ್ಲ, ನಾಳೆ ಸ್ಪೇರ್ ಸಿಗದಿದ್ರೆ ಏನು ಗತಿ ಅಂತ ಕೇಳಿದೀಯ. ಅದು ನಮ್ಮನೆ ಟಾಟಾ ವಿಸ್ಟಾದಲ್ಲಿದ್ದ 1248 ಸಿಸಿ ಇಂಜಿನ್ನೇ ಕಣೆ. ಮಾರುತಿಯೋರು ಡಿಡಿಐಎಸ್ ಅಂದ್ರು, ಟಾಟಾದೋರು ಕ್ವಾಡ್ರಾಜೆಟ್ ಅಂದ್ರು, ಫಿಯಟ್‌ನೋರು ಮಲ್ಟಿಜೆಟ್ ಅಂದ್ರು. ದೊಡ್ಡಪ್ಪನ ಡಿಜೈರು, ಮೈಸೂರು ಅತ್ತೆ ಮನೆ ಹಳೇ ಎರ್ಟಿಗಾ, ಎಲ್ಲಾ ಅದೇ.

ಇಂಜಿನ್ ಒಳ್ಳೇದು. ಆದ್ರೆ ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿಸಿ ಕೇಳದೆ ಗಾಡಿ ತಗೋಬೇಡ.

ನಮ್ಮ ವಿಸ್ಟಾ ಕತೆ ಗೊತ್ತಲ್ಲ, ಶಿರಾಡಿ ಘಾಟಲ್ಲಿ ನಿಂತಿದ್ದು. ಅದಕ್ಕೂ ಎಷ್ಟೋ ದಿನ ಮುಂಚಿಂದ ಬೆಳಿಗ್ಗೆ ಕೀ ತಿರುಗಿಸಿದ್ರೆ ಎರಡು ಮೂರು ಸೆಕೆಂಡು ತಗಡಿನ ಡಬ್ಬಿಲಿ ಚಿಲ್ಲರೆ ಅಲ್ಲಾಡಿಸಿದ ಹಾಗೆ ಸದ್ದು. ಆಮೇಲೆ ಗಪ್ ಚಿಪ್. ಗ್ಯಾರೇಜಿನವನು ಡೀಸೆಲ್ ಗಾಡಿ ಅಂದ್ಮೇಲೆ ಸದ್ದು ಇದ್ದಿದ್ದೇ ಸಾರ್ ಅಂದುಬಿಟ್ಟ. ವಾಲ್ವುಗಳನ್ನ ಸರಿಯಾದ ಹೊತ್ತಿಗೆ ತೆಗೆದು ಮುಚ್ಚಿಸೋಕೆ ಈ ಇಂಜಿನ್‌ಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಆ ಚೈನ್ ಬಿಗಿ ಹಿಡಿಯೋ ಟೆನ್ಷನರ್ ಕೆಲಸ ಮಾಡೋದೇ ಆಯಿಲ್ ಪ್ರೆಷರ್ ಮೇಲೆ. ಪ್ರೆಷರ್ ಬರೋವರೆಗೂ ಚೈನ್ ಸಡಿಲ, ಅದೇ ಆ ಸದ್ದು. ಆ ಗ್ಯಾರೇಜಿನವನು ಸರ್ವಿಸ್ ಮಾಡಿದೀನಿ ಅಂತ ಬಿಲ್ ಕೊಟ್ಟಿದ್ದ, ಘಾಟಲ್ಲಿ ಆಯಿಲ್ ಅಳೆಯೋ ಕಡ್ಡಿ, ಡಿಪ್‌ಸ್ಟಿಕ್, ಎಳೆದ್ರೆ ತುದಿಗೆ ಮಾತ್ರ ಕಪ್ಪಗೆ ಅಂಟಿತ್ತು. ಚೈನ್ ಹಲ್ಲು ಹಾರಿ, ವಾಲ್ವು ಹೋಗಿ ಪಿಸ್ಟನ್‌ಗೆ ಬಡಿದು, ಇಂಜಿನ್ ಮೇಲ್ಭಾಗ, ಹೆಡ್ಡೇ ಬಿಚ್ಚಬೇಕಾಯ್ತು. ಮಳೇಲಿ ನಿಮ್ಮ ಚಿಕ್ಕಮ್ಮ, ಮಕ್ಕಳು, ಲಾರಿಗಳ ಮಧ್ಯೆ... ಬೇಡ ಬಿಡು.

ಅದಕ್ಕೇ ಹೇಳ್ತಿರೋದು, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿಸಿ ಕೇಳು. ನೀನು ಹೋಗೋಷ್ಟ್ರಲ್ಲಿ ಬಾನೆಟ್ ಬಿಸಿ ಇದ್ರೆ, ನಾಳೆ ಬೆಳಿಗ್ಗೆ ಬರ್ತೀನಿ, ನಾನು ಬರೋವರೆಗೂ ಮುಟ್ಟಬೇಡಿ ಅನ್ನು. ಮಾರೋನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ರೆ ಆ ಸದ್ದು ನಿನಗೆ ಕೇಳಲ್ಲ.

ನಮ್ಮನೇಲಿ ಯಾರೂ ಮುಂಚೆ ಕೇಳಲ್ಲ, ಅದೇ ನನಗೆ ಬೇಜಾರು. ನಿಮ್ಮಣ್ಣ ಆ ಪುಂಟೋ ತಂದು ಪೂಜೆ ಮಾಡಿಸಿದ ಮೇಲೆ ಫೋಟೋ ಹಾಕ್ದ, ಎಲ್ಲರೂ ಹೂವು ಚಪ್ಪಾಳೆ ಕಳಿಸಿದ್ರು. ಇಷ್ಟು ವರ್ಷ ಗಾಡಿ ಓಡಿಸಿದೋನು ಒಬ್ಬ ಇದಾನೆ, ಒಂದು ಮಾತು ಕೇಳೋಣ ಅನ್ನಿಸ್ಲೇ ಇಲ್ಲ. ನೀನಾದ್ರೂ ಕೇಳಿದೆ.

ಹಾಂ, ಸ್ಪೇರ್ ಅಂದೆಯಲ್ಲ! ಭಯ ಬೇಡ. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿಯೋರು ಡೀಸೆಲ್ಲೇ ನಿಲ್ಲಿಸಿದ್ರು, ನಿಜ. ಆದ್ರೆ ಅಷ್ಟು ಗಾಡಿ ರೋಡಲ್ಲಿವೆ, ಚೈನ್ ಕಿಟ್ಟು, ಫಿಲ್ಟರು ಎಲ್ಲಾ ಸಿಗತ್ತೆ. ಹಾಗಂತ ಒಂದೇ ಇಂಜಿನ್ ಅಲ್ವಾ ಅಂತ ಟಾಟಾದ್ದು ತಂದು ಮಾರುತಿಗೆ ಹಾಕೋಕೆ ಹೋಗಬೇಡಿ. ಇಸಿಯು ಅಂದ್ರೆ ಇಂಜಿನ್ ಕಂಪ್ಯೂಟರು, ವೈರಿಂಗು, ಮೌಂಟಿಂಗು ಬೇರೆ ಬೇರೆ. ಇಂಜಿನ್‌ಗೆ ಗಾಳಿ ತುಂಬೋ ಟರ್ಬೋನೂ ಅಷ್ಟೇ, ಸ್ವಿಫ್ಟ್ ಇಂಜಿನ್ ಪವರ್ 75 ಪಿಎಸ್, ಮಾರುತಿಯದೇ ಸಿಯಾಝ್‌ದು 90, ಅದರ ಟರ್ಬೋ ಇದಕ್ಕೆ ಕೂರಲ್ಲ. ಏನೇ ತಗೊಂಡ್ರೂ ಚಾಸಿ ನಂಬರ್ ಕೊಟ್ಟೇ ತಗೋ. ಆರ್‌ಸಿ ಫೋಟೋ ನನಗೆ ಕಳಿಸು, ಗ್ರೂಪಲ್ಲಿ ಹಾಕಬೇಡ.