ಸಿಲ್ಕ್ ಬೋರ್ಡ್ ಜಾಮಿನಲ್ಲಿ ಮಾತ್ರ ಗಾಡಿ ಹೀಟ್ ಆಗುತ್ತಿದೆ: ಅನುಭವ ಇದ್ದವರು ತಿಳಿಸಿ

ಬಿಟಿಎಂ ಬಡಾವಣೆಯಿಂದ, ಪ್ರಶ್ನೆ:

ನನ್ನದು 2012ರ 1.2 ಲೀಟರ್ ಪೆಟ್ರೋಲ್ ಕಾರು, 94,000 ಕಿಲೋಮೀಟರ್ ಓಡಿದೆ. ಎರಡು ತಿಂಗಳಿನಿಂದ ಸಂಜೆಯ ಹೊತ್ತು ಸಿಲ್ಕ್ ಬೋರ್ಡ್ ಬಳಿ ಹತ್ತು ನಿಮಿಷ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮುಕ್ಕಾಲಿಗೆ ಬರುತ್ತದೆ. ಎಸಿಯೂ ಬರೀ ಗಾಳಿ ಊದತೊಡಗುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಹತ್ತಿ ಅರವತ್ತರ ವೇಗ ಹಿಡಿದೊಡನೆ ಎರಡೂ ತಾವಾಗಿಯೇ ಸರಿಹೋಗುತ್ತವೆ. ಬೆಳಿಗ್ಗೆ ಅಷ್ಟೇ ಜಾಮಿದ್ದರೂ ಮುಳ್ಳು ಇಷ್ಟು ಏರುವುದಿಲ್ಲ. ನಮ್ಮ ಮೆಕ್ಯಾನಿಕ್ ಫ್ಯಾನ್ ತಿರುಗುತ್ತಿರುವುದನ್ನು ತೋರಿಸಿ, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ಕವಾಟ) ಕೆಟ್ಟಿದೆ, ಬೆಂಗಳೂರಿನ ಹವೆಗೆ ಅದು ಬೇಕಾಗಿಯೇ ಇಲ್ಲ, ತೆಗೆದುಬಿಡೋಣ ಎನ್ನುತ್ತಿದ್ದಾರೆ. ಅದರ ಜೊತೆಗೆ ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸುವ ಆಲೋಚನೆ ನನಗಿದೆ. ಹೇಳಲು ಮರೆತಿದ್ದೆ, ಗ್ರಿಲ್ ಮುಂದೆ ಎರಡು ಹೆಚ್ಚುವರಿ ದೀಪಗಳನ್ನೂ ಜೋಡಿ ಹಾರ್ನನ್ನೂ ಹಾಕಿಸಿದ್ದೇನೆ.

ಬಸವನಗುಡಿಯಿಂದ:

ಸರ್, ದಯವಿಟ್ಟು ಥರ್ಮೋಸ್ಟಾಟ್ ತೆಗೆಸಬೇಡಿ. ನಿಂತಾಗ ಬಿಸಿಯೇರಿ ಓಡುವಾಗ ಇಳಿಯುತ್ತಿದ್ದರೆ ನೀರಿನ ಹರಿವು ಸರಿಯಾಗಿದೆ, ಗಾಳಿ ಸಾಲುತ್ತಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕಚ್ಚಿದ್ದರೆ, ಇಲ್ಲವೇ ರೇಡಿಯೇಟರ್ ಒಳಗೆ ಕಟ್ಟಿದ್ದರೆ, ಹೆದ್ದಾರಿಯಲ್ಲಿ ಇಂಜಿನ್ ಹೆಚ್ಚು ದುಡಿಯುವಾಗಲೇ ಮುಳ್ಳು ಏರಬೇಕಿತ್ತು. ಎಸಿ ಸಹ ಅದೇ ಹೊತ್ತಿಗೆ ಸೋಲುತ್ತಿರುವುದು ಇನ್ನೊಂದು ಸುಳಿವು, ಏಕೆಂದರೆ ಅದರ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ರೇಡಿಯೇಟರ್‌ನ ಮುಂದೆಯೇ ಇದ್ದು, ನಿಂತ ಗಾಡಿಯಲ್ಲಿ ಅದಕ್ಕೂ ಫ್ಯಾನಿನ ಗಾಳಿಯೇ ಗತಿ.

ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟೂ ಹೊತ್ತು ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಇಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತಿರುವುದರಿಂದ ಮೈಲೇಜ್ ಬೀಳುತ್ತದೆ, ಆಯಿಲ್‌ನಲ್ಲಿ ಸೇರಿದ ತೇವವೂ ಆರುವುದಿಲ್ಲ. ಅದು ಕೆಟ್ಟಿದೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ಹೊರತೆಗೆದು, ಅದರ ಮೇಲೆ ಅಚ್ಚಾಗಿರುವ 82 ಅಥವಾ 88 ಡಿಗ್ರಿಯ ಅಂಕಿಯನ್ನು ಗುರುತು ಹಾಕಿಕೊಂಡು, ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆ ಹೊತ್ತಿಸಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಆದರೂ ಈ ಪರೀಕ್ಷೆಗೆ ಅಷ್ಟು ಸಾಕು. ಕುದಿಯುವ ಹೊತ್ತಿಗೆ ಅದರ ಬಾಯಿ ಚೆನ್ನಾಗಿ ತೆರೆದಿದ್ದರೆ ಥರ್ಮೋಸ್ಟಾಟ್ ನಿರಪರಾಧಿ. ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಅಮ್ಮ ಆ ಪಾತ್ರೆಯನ್ನು ಮತ್ತೆ ಒಳಗೆ ಸೇರಿಸಲಿಲ್ಲ.

ಬೆಳಿಗ್ಗೆ ಕಡಿಮೆ ಏರುವುದಕ್ಕೆ ತಂಪು ಹವೆಯೇ ಕಾರಣವಿರಬೇಕು.

ಯಲಹಂಕದಿಂದ:

ಮೇಲಿನವರ ಮಾತು ಸರಿ, ಆದರೆ ಕೂಲೆಂಟ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ನಾನು ಹಿಂದೆ ನೀರು ಕಡಿಮೆಯಾದಾಗಲೆಲ್ಲ ಮನೆಯ ಬೋರ್‌ವೆಲ್ ನೀರನ್ನೇ ತುಂಬುತ್ತಿದ್ದೆ. ನಮ್ಮ ಕಡೆಯ ನೀರು ಎಷ್ಟು ಗಡುಸು ಎಂಬುದು ಬಚ್ಚಲಿನ ಗೀಸರ್ ಬಿಚ್ಚಿ ನೋಡಿದವರಿಗೆ ಗೊತ್ತು. ಅದೇ ಬಿಳಿ ಪದರ ಮೂರು ವರ್ಷದಲ್ಲಿ ರೇಡಿಯೇಟರ್‌ನ ಕೊಳವೆಗಳೊಳಗೆ ಕಟ್ಟಿತ್ತು. ನನ್ನ ಗಾಡಿ ಜಾಮಿನಲ್ಲಿ ತೆಪ್ಪಗಿದ್ದು ನಂದಿ ಬೆಟ್ಟದ ತಿರುವುಗಳಲ್ಲಿ ಕುದಿಯಿತು, ಅಂದರೆ ನಿಮ್ಮದಕ್ಕೆ ತದ್ವಿರುದ್ಧ. ನಾನು ಗಮನಿಸದೆ ಓಡಿಸಿದ್ದರಿಂದ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್) ಹೋಯಿತು. ಆಯಿಲ್ ತುಂಬುವ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ, ಇಂಜಿನ್ ಓಡುವಾಗ ಕೂಲೆಂಟ್ ಡಬ್ಬಿಯಲ್ಲಿ ಬಿಡದೆ ಏಳುವ ಗುಳ್ಳೆ, ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಕಾಣಿಸಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಿರುವಾಗ ಮುಟ್ಟಬೇಡಿ. ಒಳಗಿನ ಒತ್ತಡದಿಂದಾಗಿ ನೂರು ಡಿಗ್ರಿ ದಾಟಿಯೂ ಕುದಿಯದೆ ಕುಳಿತ ನೀರು, ತೆರೆದ ಕ್ಷಣವೇ ಮುಖಕ್ಕೆ ಚಿಮ್ಮುತ್ತದೆ.

ರಾಜಾಜಿನಗರದಿಂದ:

ನಾನು ಇಪ್ಪತ್ತು ವರ್ಷದಿಂದ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ಬಸವನಗುಡಿಯವರು ಹೇಳಿದ ತಂಪು ಹವೆಯ ಕಾರಣವನ್ನು ಒಪ್ಪಲು ನನಗೆ ಮನಸ್ಸಿಲ್ಲ. ಬೆಳಿಗ್ಗೆಗೂ ಸಂಜೆಗೂ ಇರುವ ಇನ್ನೊಂದು ವ್ಯತ್ಯಾಸವೆಂದರೆ ದೀಪ. ಆ ಹೆಚ್ಚುವರಿ ದೀಪಗಳನ್ನು ಹಾಕಿಸಿ ಎಷ್ಟು ದಿನವಾಯಿತು, ಅವುಗಳ ಅರ್ಥ್ ವೈರನ್ನು (ಕರೆಂಟ್ ಬ್ಯಾಟರಿಗೆ ಹಿಂದಿರುಗುವ ವೈರು) ಯಾವ ಬೋಲ್ಟಿಗೆ ಕಟ್ಟಿದ್ದಾರೆ?

ಫ್ಯಾನ್ ತಿರುಗುತ್ತಿದೆ ಎನ್ನುವುದು ಬೇರೆ, ಪೂರ್ತಿ ವೇಗದಲ್ಲಿ ತಿರುಗುತ್ತಿದೆ ಎನ್ನುವುದು ಬೇರೆ. 55 ವಾಟ್‌ನ ಎರಡು ಬಲ್ಬ್‌ಗಳೆಂದರೆ ಒಂಬತ್ತು ಆಂಪಿಯರ್. ಫ್ಯಾನಿನ ಕರೆಂಟ್ ಹಿಂದಿರುಗುವ ಬೋಲ್ಟಿನ ಮೇಲೆಯೇ ಇದನ್ನೂ ಹೇರಿ, ಅಡಿಯ ಬಣ್ಣವನ್ನು ಕೆರೆಯದೆ ಬಿಗಿದಿದ್ದರೆ ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ. ಎಸ್‌ಪಿ ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಇಂಜಿನ್ ಚಾಲೂ ಇಟ್ಟು, ಎಸಿ ಮತ್ತು ದೀಪ ಎರಡನ್ನೂ ಹಾಕಿ, ಒಂದು ಕಡ್ಡಿಯನ್ನು ಫ್ಯಾನ್ ಕನೆಕ್ಟರ್‌ನ ಅರ್ಥ್ ವೈರಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿಯಿರಿ. 0.2 ವೋಲ್ಟ್‌ನ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದಂತೆ. ಕೈ ಮತ್ತು ವೈರು ಫ್ಯಾನಿನ ರೆಕ್ಕೆಗೆ ತಾಗದಂತೆ ಎಚ್ಚರವಿರಲಿ.

ಮಲ್ಲೇಶ್ವರದಿಂದ:

ದೊಡ್ಡ ರೇಡಿಯೇಟರ್‌ನ ಆಲೋಚನೆಯನ್ನು ಬದಿಗಿಡಿ. ಕಂಪನಿಯವರು ಕೂರಿಸಿದ್ದೇ ಈ ಇಂಜಿನ್‌ಗೆ ಧಾರಾಳವಾಯಿತು. ಮಾರ್ಪಾಡಿನ ಹುಮ್ಮಸ್ಸು ಮುಂದೆ ಇಂಜಿನ್‌ಗೂ ಬಾಡಿಗೂ ಹರಡುವುದಾದರೆ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸಬಾರದು ಎಂಬ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದು ತೀರ್ಪು ಕೊಟ್ಟಿದೆ ಎಂಬುದು ನೆನಪಿರಲಿ.

ಬಿಟಿಎಂ ಬಡಾವಣೆಯಿಂದ, ಹತ್ತು ದಿನದ ನಂತರ:

ಎಲ್ಲರಿಗೂ ಧನ್ಯವಾದ. ರಾಜಾಜಿನಗರದವರ ಪ್ರಶ್ನೆ ಓದಿದ ಮೇಲೆ ಲೆಕ್ಕ ಹಾಕಿದೆ, ದೀಪ ಹಾಕಿಸಿಯೂ ಸರಿಯಾಗಿ ಎರಡು ತಿಂಗಳಾಗಿತ್ತು. ಭಾನುವಾರ ಬಾನೆಟ್ ಎತ್ತಿ ಅಳೆದಾಗ, ದೀಪ ಆರಿಸಿದ್ದರೆ 0.9 ವೋಲ್ಟ್, ಹೊತ್ತಿಸಿದರೆ 2.8 ವೋಲ್ಟ್ ಬಂತು, ಬ್ಯಾಟರಿಯಲ್ಲಿ 13.9 ಇದ್ದರೂ ಫ್ಯಾನಿಗೆ ಹನ್ನೊಂದರ ಆಸುಪಾಸಷ್ಟೇ ತಲುಪುತ್ತಿತ್ತು. ದೀಪದ ಸ್ವಿಚ್ ಒತ್ತಿದಾಗ ಫ್ಯಾನಿನ ಸದ್ದು ಕುಗ್ಗುವುದು ಕಿವಿಗೇ ಕೇಳಿಸುತ್ತಿತ್ತು. ಇಷ್ಟು ದಿನ ರಸ್ತೆಯ ಗದ್ದಲದಲ್ಲಿ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಎಡಗಡೆಯ ಹೆಡ್‌ಲೈಟ್ ಹಿಂದಿನ ಬೋಲ್ಟ್ ಬಿಚ್ಚಿದಾಗ ಮೂರು ವೈರುಗಳ ರಿಂಗುಗಳು ಒಂದರ ಮೇಲೊಂದು ಕೂತಿದ್ದವು, ವಾಷರ್ ಕೆಳಗೆ ಕಪ್ಪಗೆ ಸುಟ್ಟ ಗುರುತಿತ್ತು. ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ ಫ್ಯಾನಿನ ವೈರನ್ನಷ್ಟೇ ಅಲ್ಲಿ ಬಿಗಿದೆ; ದೀಪ ಮತ್ತು ಹಾರ್ನ್‌ಗಳಿಗೆ ರಿಲೇ, ಫ್ಯೂಸ್ ಸಹಿತ ಬ್ಯಾಟರಿಯಿಂದಲೇ ಬೇರೆ ದಾರಿ ಎಳೆಸಿದೆ. ಈಗ ಅಳೆದರೆ 0.1.

ನಾಲ್ಕು ಸಂಜೆ ಅದೇ ಜಾಮಿನಲ್ಲಿ ನಿಂತು ನೋಡಿದ್ದೇನೆ, ಮುಳ್ಳು ಅರ್ಧದಿಂದ ಅಲುಗಿಲ್ಲ, ಎಸಿಯೂ ತಣ್ಣಗಿದೆ. ಥರ್ಮೋಸ್ಟಾಟ್ ಮುಟ್ಟಲಿಲ್ಲವಾದ್ದರಿಂದ ನಮ್ಮ ಮನೆಯ ಪಾತ್ರೆ ಉಳಿಯಿತು. ಆದರೆ ಬಲಗಡೆಯ ದೀಪ ಗ್ರಿಲ್‌ನ ಗಾಳಿಗೆ ಒಂದಿಷ್ಟು ಅಡ್ಡವಾಗಿಯೇ ಕೂತಿದೆ. ಅದನ್ನು ಬಂಪರ್‌ನ ಕೆಳಭಾಗಕ್ಕೆ ಇಳಿಸಿದರೆ ಮಳೆಗಾಲದಲ್ಲಿ ನೀರು ನುಗ್ಗೀತೇ ಎಂಬುದನ್ನು ಹಾಗೆ ಮಾಡಿಸಿದವರು ಯಾರಾದರೂ ಇದ್ದರೆ ತಿಳಿಸಿ.