ಐದೂವರೆ ವರ್ಷದ ಮಗ, ಮೂರು ತುಂಬಲಿರುವ ಮಗಳು: ಡಿಸ್ನಿ ವರ್ಲ್ಡ್‌ಗೆ ಈಗ ಹೋಗಬಹುದಾ?

ನೀವು ಕೇಳಿದ್ದು ಇದು. ಡಲ್ಲಾಸ್‌ನಲ್ಲಿದ್ದೀರಿ. ಮಗನಿಗೆ ಐದೂವರೆ, ಮಗಳಿಗೆ ಎರಡೂ ಮುಕ್ಕಾಲು. ಮೈಸೂರಿನಿಂದ ಅತ್ತೆ ಮಾವ ಆರು ತಿಂಗಳಿಗೆ ಬರುತ್ತಿದ್ದಾರೆ. ಅವರು ಇರುವಾಗಲೇ ಫ್ಲೋರಿಡಾದ ಆರ್ಲ್ಯಾಂಡೊದಲ್ಲಿರುವ ಡಿಸ್ನಿ ವರ್ಲ್ಡ್‌ಗೆ ಹೋಗಿ ಬರುವುದೋ, ಇಲ್ಲ ಮಕ್ಕಳು ಇನ್ನೆರಡು ವರ್ಷ ಬೆಳೆಯಲಿ ಎಂದು ಕಾಯುವುದೋ? ಹೋಗಿ ಬಂದವರು ಹೇಳಿ ಎಂದಿದ್ದೀರಿ.

ನಾವು ಅಟ್ಲಾಂಟಾದವರು. ಅಲ್ಲಿಗೆ ಕಾರಿನಲ್ಲಿ ಸುಮಾರು ಏಳು ಗಂಟೆ ದಾರಿ. ಹಾಗಾಗಿ ಮೂರು ಸಲ ಹೋಗಲು ಸಾಧ್ಯವಾಯಿತು: 2022ರ ಅಕ್ಟೋಬರ್, 2024ರ ಜನವರಿ ಕೊನೆ, 2025ರ ಫೆಬ್ರವರಿ. ಮೂರನೇ ಸಲ ನಮ್ಮ ಅತ್ತೆ ಮಾವನೂ ಜೊತೆಗಿದ್ದರು. ಯುಗಾದಿ ಊಟಕ್ಕೆ ಕನ್ನಡ ಕೂಟದಲ್ಲಿ ಸೇರಿದಾಗ ನಾಲ್ಕೈದು ಮನೆಯವರು ಇದೇ ವಿಷಯ ಮಾತಾಡಿದ್ದೆವು. ಅವರು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಮಾತು ಕೇಳಿದರೆ ಹೋಗಿ. ಆದರೆ ಇವತ್ತು ಕಣ್ಣೆದುರು ಇರುವ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೋಗುವ ದಿನ ಅವರು ಎಷ್ಟು ಎತ್ತರ ಇರುತ್ತಾರೆ, ಎಷ್ಟು ದೂರ ನಡೆಯುತ್ತಾರೆ, ಮಧ್ಯಾಹ್ನದ ನಿದ್ದೆ ಇನ್ನೂ ಬೇಕಾ, ಇದನ್ನು ಲೆಕ್ಕ ಹಾಕಿ. ಈ ವಯಸ್ಸಿನಲ್ಲಿ ನಾಲ್ಕು ತಿಂಗಳು ಅಂದರೆ ತುಂಬಾ ಆಯಿತು. ನಾವು ಮೂರು ಸಲ ಹೋದದ್ದೂ ಅದೇ ಜಾಗಕ್ಕೆ, ಆದರೆ ಕರೆದುಕೊಂಡು ಹೋದ ಮಕ್ಕಳು ಪ್ರತಿ ಸಲ ಬೇರೆಯೇ ಆಗಿದ್ದರು.

ಮೊದಲು ಎತ್ತರದ ವಿಷಯ. ಜೋರಾದ ರೈಡ್‌ಗಳ ಬಾಗಿಲಲ್ಲಿ ಅಳತೆ ಕೋಲು ಇಟ್ಟಿರುತ್ತಾರೆ. ಮಗುವನ್ನು ಪಕ್ಕದಲ್ಲಿ ನಿಲ್ಲಿಸುತ್ತಾರೆ. ತಲೆ ಮುಟ್ಟಿದರೆ ಒಳಗೆ, ಇಲ್ಲದಿದ್ದರೆ ಇಲ್ಲ. ವಯಸ್ಸು ಎಷ್ಟು ಎಂದು ಕೇಳುವುದಿಲ್ಲ. ಬಾರ್ನ್‌ಸ್ಟಾರ್ಮರ್ ಎಂಬ ಪುಟ್ಟ ರೋಲರ್ ಕೋಸ್ಟರ್‌ಗೆ 35 ಇಂಚು ಬೇಕು. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೂ ಸ್ಲಿಂಕಿ ಡಾಗ್ ಡ್ಯಾಶ್‌ಗೂ 38. ಸೋರಿನ್‌ಗೆ, ಟಿಯಾನಾಸ್ ಬಯೂ ಅಡ್ವೆಂಚರ್‌ಗೆ 40. ಸ್ಪೇಸ್ ಮೌಂಟನ್, ಫ್ಲೈಟ್ ಆಫ್ ಪ್ಯಾಸೇಜ್, ಎಕ್ಸ್‌ಪೆಡಿಷನ್ ಎವರೆಸ್ಟ್ ಮೂರಕ್ಕೂ 44. ಟ್ರಾನ್‌ಗೆ 48.

ಮೂರು ದಾಟಿದ ಮಕ್ಕಳು ವರ್ಷಕ್ಕೆ ಹೆಚ್ಚುಕಡಿಮೆ 6 ಸೆಂಟಿಮೀಟರ್, ಅಂದರೆ ಎರಡು ಎರಡೂವರೆ ಇಂಚು ಬೆಳೆಯುತ್ತಾರೆ. ಮೂರರ ಒಳಗಿನವರು ಇನ್ನೂ ಸ್ವಲ್ಪ ಜಾಸ್ತಿ. ನಿಮ್ಮ ಮಗ ಈಗ 43 ಇಂಚು ಇದ್ದಾನೆ ಅಂದುಕೊಳ್ಳಿ. ಐದಾರು ತಿಂಗಳು ಬಿಟ್ಟು ಹೋದರೆ 44 ಮುಟ್ಟಬಹುದು. ಮುಟ್ಟಬಹುದು ಅಷ್ಟೇ, ಮುಟ್ಟಿಯೇ ಮುಟ್ಟುತ್ತಾನೆ ಎಂದು ಅವನಿಗೆ ಮಾತು ಕೊಡಬೇಡಿ.

ಇದನ್ನು ನಾನು ಒತ್ತಿ ಹೇಳಲು ಕಾರಣ ಇದೆ. ಮೊದಲ ಸಲ ಹೋದಾಗ ಮಗನಿಗೆ ನಾಲ್ಕು ವರ್ಷ ಎರಡು ತಿಂಗಳು. ಮನೆಯಲ್ಲಿ ಕಾರ್ಪೆಟ್ ಮೇಲೆ, ಶೂ ಹಾಕಿಸಿ, ಗೋಡೆಗೆ ನಿಲ್ಲಿಸಿ ಅಳೆದಿದ್ದೆವು. 40 ಬಂತು. ಸೋರಿನ್ ರೈಡ್‌ನ ವಿಡಿಯೋ ಒಂದು ತಿಂಗಳು ತೋರಿಸಿದ್ದೆವು. ದಿನಾ ರಾತ್ರಿ ಮಲಗುವಾಗ ಎರಡು ಕೈ ಚಾಚಿ ಹಾರುವ ಹಾಗೆ ಮಾಡುತ್ತಿದ್ದ. ಅಲ್ಲಿ ಹೋಗಿ ಕೋಲಿನ ಪಕ್ಕ ನಿಂತಾಗ ಅರ್ಧ ಇಂಚು ಕಡಿಮೆ. ಅಲ್ಲಿದ್ದ ಹುಡುಗಿ ಮಂಡಿಯೂರಿ ಕೂತು ಅವನ ಜೊತೆ ತುಂಬಾ ಮೃದುವಾಗಿಯೇ ಮಾತಾಡಿದಳು. ಅವನು ಅಳಲಿಲ್ಲ. "ಅಮ್ಮಾ, ನಾನು ಊಟ ಸರಿಯಾಗಿ ಮಾಡಲಿಲ್ಲ ಅಂತಾನಾ?" ಎಂದು ಕೇಳಿದ. ಊಟ ಮಾಡಿದರೆ ಉದ್ದ ಆಗ್ತೀಯಾ ಎಂದು ದಿನಾ ತುತ್ತು ಇಡುವಾಗ ಹೇಳುತ್ತಿದ್ದವಳು ನಾನೇ. ಅವತ್ತು ಬಹಳ ಸಂಕಟವಾಯಿತು.

ಹಾಗಾಗಿ ಸರಿಯಾಗಿ ಅಳೆಯಿರಿ. ಬರಿಗಾಲಲ್ಲಿ, ಗಟ್ಟಿ ನೆಲದ ಮೇಲೆ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ದಪ್ಪ ರಟ್ಟಿನ ಪುಸ್ತಕ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಸಂಜೆ ಹೊತ್ತು ಅಳೆಯಿರಿ. ಬೆಳಿಗ್ಗೆ ಎದ್ದಾಗ ನಾವೆಲ್ಲ ಸ್ವಲ್ಪ ಉದ್ದ ಇರುತ್ತೇವೆ. ದಿನವಿಡೀ ನಿಂತು ನಡೆದ ಮೇಲೆ ಬೆನ್ನುಮೂಳೆ ನಡುವಿನ ಮೆತ್ತೆಗಳು ಒತ್ತಿಕೊಂಡು ಎತ್ತರ ತುಸು ಕಡಿಮೆಯಾಗುತ್ತದೆ. ಸಂಜೆಯ ಅಳತೆಯಲ್ಲೂ ಸಾಕಷ್ಟಿದ್ದರೆ ಆಮೇಲೆ ಚಿಂತೆ ಇಲ್ಲ. ಅರ್ಧ ಇಂಚಿನ ಒಳಗಿನ ಅನುಮಾನ ಇದ್ದರೆ ಆ ರೈಡ್‌ನ ಹೆಸರನ್ನೇ ಮಗುವಿನ ಮುಂದೆ ಎತ್ತಬೇಡಿ. ಅಲ್ಲಿ ಸಿಕ್ಕಿದರೆ ಖುಷಿ, ಸಿಗದಿದ್ದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಶೂ ಒಳಗೆ ಬಟ್ಟೆ ತುರುಕಿ ಎತ್ತರ ಮಾಡಿಸಿದವರ ಕಥೆ ಕೂಟದಲ್ಲಿ ಕೇಳಿದೆ. ದಯವಿಟ್ಟು ಅದು ಬೇಡ. ಆ ಅಳತೆ ಇಟ್ಟಿರುವುದು ಸೀಟಿನ ಪಟ್ಟಿ, ಕಂಬಿ ಮಗುವಿನ ಮೈಗೆ ಸರಿಯಾಗಿ ಕೂರಲಿ ಎಂದು.

ಇನ್ನೊಂದು ವಿಷಯ ಎರಡನೇ ಸಲ ಗೊತ್ತಾಯಿತು. ಆಗ ಮಗ 43 ಇಂಚು. 38, 40 ಇರುವ ಎಲ್ಲದಕ್ಕೂ ಹೋಗಬಹುದಿತ್ತು. ಆದರೆ ಮೈನ್ ಟ್ರೇನ್‌ನಲ್ಲಿ ಒಂದು ಸಲ ಕೂತವನು ಇಳಿದ ಮೇಲೆ ನನ್ನ ಕೈ ಬಿಡಲಿಲ್ಲ. ಎತ್ತರ ಬಂದಿತ್ತು, ಧೈರ್ಯ ಇನ್ನೂ ಬಂದಿರಲಿಲ್ಲ. ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ಇನ್ನೊಂದಕ್ಕೆ ಕೂರಲಿ ಎಂದು ನನ್ನ ಗಂಡನಿಗೆ ಒಂದು ಕ್ಷಣ ಅನ್ನಿಸಿತ್ತು. ಕೂರಿಸಲಿಲ್ಲ. ಅದು ಒಳ್ಳೆಯದೇ ಆಯಿತು. ಮರುವರ್ಷ ಸ್ಪೇಸ್ ಮೌಂಟನ್‌ಗೆ ಅವನೇ ಮುಂದೆ ನಡೆದ. ಹೊರಗೆ ಬಂದು "ಇನ್ನೊಂದ್ಸಲ" ಎಂದ.

ಎತ್ತರದ ಅಡ್ಡಿಯೇ ಇಲ್ಲದ್ದು ತುಂಬಾ ಇದೆ. ಡಂಬೋ, ಪೀಟರ್ ಪ್ಯಾನ್ಸ್ ಫ್ಲೈಟ್, ಇಟ್ಸ್ ಎ ಸ್ಮಾಲ್ ವರ್ಲ್ಡ್, ಕುದುರೆಗಳ ಕ್ಯಾರೊಸೆಲ್, ಜಂಗಲ್ ಕ್ರೂಸ್ ದೋಣಿ, ನಾವಿ ರಿವರ್ ಜರ್ನಿ, ಕಿಲಿಮಂಜಾರೋ ಸಫಾರಿ. ನಿಮ್ಮ ಮಗಳಿಗೆ ಇವೇ ಎರಡು ಮೂರು ದಿನಕ್ಕೆ ಬೇಕಾದಷ್ಟಾಗುತ್ತವೆ. ಅಣ್ಣ ಹೋಗುವ ರೈಡ್‌ಗೆ ತಂಗಿ ಹೋಗಲಾಗದಿದ್ದರೆ ರೈಡರ್ ಸ್ವಿಚ್ ಕೇಳಿ. ಒಬ್ಬರು ಮಗನ ಜೊತೆ ಕ್ಯೂನಲ್ಲಿ ಹೋಗುತ್ತಾರೆ. ಇನ್ನೊಬ್ಬರು ಮಗಳ ಜೊತೆ ಹೊರಗಿರುತ್ತಾರೆ. ಅವರು ಬಂದ ಮೇಲೆ ನೀವು ಮತ್ತೆ ಆ ಉದ್ದ ಕ್ಯೂನಲ್ಲಿ ನಿಲ್ಲದೆ ಹೋಗಬಹುದು. ಅದಕ್ಕೆ ಬೇರೆ ದುಡ್ಡು ಇಲ್ಲ. ಬಾಗಿಲಲ್ಲೇ, ಕ್ಯೂಗೆ ಸೇರುವ ಮೊದಲೇ ಕೇಳಬೇಕು. ಮೊದಲ ಸಲ ನಮಗೆ ಇದು ಗೊತ್ತೇ ಇರಲಿಲ್ಲ. ಮುಕ್ಕಾಲು ಗಂಟೆ ನಿಂತದ್ದೇ ಎರಡೆರಡು ಸಲ ನಿಂತೆವು.

ಟಿಕೆಟ್ ವಿಷಯಕ್ಕೆ ಮಾತ್ರ ವಯಸ್ಸು ಬೇಕು. ಮೂರು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. 3ರಿಂದ 9ರವರೆಗೆ ಮಕ್ಕಳ ಟಿಕೆಟ್, 10 ಆದರೆ ದೊಡ್ಡವರದೇ. ಮಕ್ಕಳ ಟಿಕೆಟ್ ಅಂದರೆ ಅರ್ಧ ಬೆಲೆ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ ಅಲ್ವಾ? ಹಾಗಿಲ್ಲ, ಸ್ವಲ್ಪವೇ ಕಡಿಮೆ. ಅಲ್ಲಿರುವ ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಒಂದು ದಿನದ ಟಿಕೆಟ್ ನೂರು ಡಾಲರ್ ದಾಟುತ್ತದೆ. ನಿಮ್ಮ ಮಗಳಿಗೆ ಮೂರು ತುಂಬಲು ಇನ್ನು ಮೂರೇ ತಿಂಗಳು. ಆ ಒಳಗೆ ಹೋದರೆ ನಾಲ್ಕು ದಿನಕ್ಕೆ ಒಳ್ಳೆಯ ಮೊತ್ತವೇ ಉಳಿಯುತ್ತದೆ. ಆದರೆ ಅದೊಂದಕ್ಕಾಗಿ ಕೆಟ್ಟ ವಾರದಲ್ಲಿ ಹೋಗಬೇಡಿ. ನಮ್ಮ ಕೂಟದ ಒಂದು ಮನೆಯವರು ಮೂರನೇ ಹುಟ್ಟುಹಬ್ಬದ ಮೊದಲೇ ಮುಗಿಸಬೇಕು ಎಂದು ಜುಲೈ ಕೊನೆಯಲ್ಲಿ ಹೋದರು. ಫ್ಲೋರಿಡಾದ ಬಿಸಿಲು, ಮಧ್ಯಾಹ್ನವಾದರೆ ಗುಡುಗು ಮಳೆ. ಮಗು ಎರಡನೇ ದಿನವೇ ಬಳಲಿ ಹೋಟೆಲ್‌ನಲ್ಲಿ ಮಲಗಿತು. ಉಳಿಸಿದ ಟಿಕೆಟ್ ಹಣ ಹೋಟೆಲ್ ಕೋಣೆಯಲ್ಲೇ ಕರಗಿತು ಎಂದು ಆಕೆ ಬೇಸರದಿಂದ ಹೇಳಿದರು.

ನಾನು ಹೇಳುವುದಾದರೆ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲ ವಾರ. ಫೆಬ್ರವರಿ ನಡುವಿನ ಪ್ರೆಸಿಡೆಂಟ್ಸ್ ಡೇ ರಜೆಯ ವಾರ ಬೇಡ, ಶಾಲೆಗಳ ವಸಂತದ ರಜೆ ಸ್ಪ್ರಿಂಗ್ ಬ್ರೇಕ್ ಬೇಡ, ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ವಾರ ಖಂಡಿತ ಬೇಡ. ಮಗ ಕಿಂಡರ್‌ಗಾರ್ಟನ್‌ನಲ್ಲಿ ಇದ್ದಾಗ ಮೂರು ದಿನ ತಪ್ಪಿಸುವುದು ಮುಂದೆ ಮೂರನೇ ಕ್ಲಾಸಿನಲ್ಲಿ ತಪ್ಪಿಸುವುದಕ್ಕಿಂತ ಸುಲಭ. ಟೀಚರ್‌ಗೆ ಮೊದಲೇ ಹೇಳಿಬಿಡಿ.

ಈಗ ಶೂ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನಮ್ಮ ಒಂದು ಇಡೀ ದಿನ ಹಾಳಾದದ್ದು ಇದರಿಂದಲೇ. ಎರಡನೇ ಸಲ ಹೋಗುವ ಮೊದಲು ದೀಪಾವಳಿ ಸೇಲ್‌ನಲ್ಲಿ ಮಗಳಿಗೆ ಹೊಸ ಶೂ ತಂದು ಎತ್ತಿಟ್ಟಿದ್ದೆ. ಜನವರಿಯಲ್ಲಿ ತೆಗೆದರೆ ಬೆರಳು ಮಡಚಿಕೊಳ್ಳುವಷ್ಟು ಬಿಗಿ. ಹೊರಡುವ ಹಿಂದಿನ ದಿನ ಅಂಗಡಿಗೆ ಓಡಿ, ಬೆಳೆಯೋ ಮಗು ಅಲ್ವಾ ಎಂದು ಒಂದು ಸೈಜ್ ದೊಡ್ಡದು ತಂದೆ. ನಮ್ಮಮ್ಮ ನಮಗೆ ತರುತ್ತಿದ್ದದ್ದೂ ಹಾಗೆಯೇ. ಆದರೆ ದಿನಕ್ಕೆ ಏಳೆಂಟು ಮೈಲಿ ಓಡಾಡುವ ಜಾಗಕ್ಕೆ ದೊಡ್ಡ ಶೂ ನಡೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎರಡು ಹಿಮ್ಮಡಿಯಲ್ಲೂ ಗುಳ್ಳೆ ಎದ್ದಿತ್ತು. ಅಂದಿನಿಂದ ನಾನು ಮಾಡುವುದು ಇಷ್ಟು: ಹೊರಡಲು ಮೂರು ವಾರ ಇರುವಾಗ ಪಾದ ಅಳೆದು ಶೂ ತರುವುದು, ಆ ಮೂರು ವಾರ ದಿನಾ ಹಾಕಿಸಿ ಪಳಗಿಸುವುದು, ಹಳೆಯದು ಇನ್ನೂ ಹಿಡಿಸಿದರೆ ಅದನ್ನೂ ಚೀಲಕ್ಕೆ ಹಾಕುವುದು. ರಾಜಕುಮಾರಿಯ ಫ್ರಾಕ್ ಕೊಳ್ಳುವುದಿದ್ದರೂ ಅದೇ ಮೂರು ವಾರದ ಲೆಕ್ಕ ಇಟ್ಟುಕೊಳ್ಳಿ.

ಸ್ಟ್ರೋಲರ್, ಅಂದರೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ, ಖಂಡಿತ ತೆಗೆದುಕೊಂಡು ಹೋಗಿ, ಮಗನಿಗೂ ಸೇರಿಸಿ. ಮನೆ ಹತ್ತಿರದ ಪಾರ್ಕಿನಲ್ಲಿ ಎರಡು ಗಂಟೆ ಓಡುವ ಐದು ವರ್ಷದ ಹುಡುಗನೂ ಅಲ್ಲಿ ಸಂಜೆ ನಾಲ್ಕಕ್ಕೆ ಎತ್ತಿಕೋ ಅನ್ನುತ್ತಾನೆ. 42 ಪೌಂಡಿನ ಮಗುವನ್ನು ಹೆಗಲ ಮೇಲೆ ಹೊತ್ತು ಪಟಾಕಿ ಶೋವರೆಗೆ ನಿಲ್ಲುವುದು ಬಹಳ ಕಷ್ಟ. ಜೋಡಿ ಸ್ಟ್ರೋಲರ್ 31 ಇಂಚು ಅಗಲ, 52 ಇಂಚು ಉದ್ದ ಮೀರಬಾರದು. ಎಳೆಯುವ ವ್ಯಾಗನ್ ಬಿಡುವುದಿಲ್ಲ. ಮಡಚುವುದು ಸುಲಭವಿರಲಿ, ಪಾರ್ಕಿಂಗ್‌ನಿಂದ ಟ್ರಾಮ್ ಹತ್ತುವಾಗ ಮಡಚಬೇಕಾಗುತ್ತದೆ. ಹಿಡಿಗೆ ಬಣ್ಣದ ಬಟ್ಟೆ ಕಟ್ಟಿಡಿ. ಸಾಲಾಗಿ ನಿಲ್ಲಿಸಿದ ನೂರು ಸ್ಟ್ರೋಲರ್ ನಡುವೆ ನಮ್ಮದು ಹುಡುಕಲು ಅತ್ತೆಯ ಹಳೇ ಕೆಂಪು ಬ್ಲೌಸ್ ಪೀಸ್ ಬಹಳ ಉಪಯೋಗವಾಯಿತು.

ಮಗಳಿಗೆ ಮಧ್ಯಾಹ್ನದ ನಿದ್ದೆ ಇನ್ನೂ ಇದ್ದರೆ ಅದನ್ನು ಉಳಿಸಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ, ಒಂದು ಗಂಟೆಗೆ ಹೊರಬಂದು ಮಲಗಿಸಿ, ಐದಕ್ಕೆ ಮತ್ತೆ ಹೋಗಿ. ಹತ್ತಿರದ ಹೋಟೆಲ್ ಬೇಕು ಅನ್ನುವುದು ಇದಕ್ಕೇ. ಡಿಸ್ನಿಯದೇ ಹೋಟೆಲ್ ಆದರೆ ಅರ್ಧ ಗಂಟೆ ಮೊದಲು ಒಳಗೆ ಬಿಡುತ್ತಾರೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ ಕಾರು ನಿಲ್ಲಿಸಿದ ಮೇಲೆ ಮೋನೋರೈಲ್ ಅಥವಾ ದೋಣಿ ಹಿಡಿಯಬೇಕು. ಅದಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ನಾಲ್ಕು ಪಾರ್ಕಿಗೆ ನಾಲ್ಕು ದಿನ ಎಂದು ಒಂದೇ ಸಮನೆ ಹೋಗಬೇಡಿ. ಎರಡು ದಿನ ಆದ ಮೇಲೆ ಒಂದು ದಿನ ಸುಮ್ನೆ ಈಜುಕೊಳದಲ್ಲಿ ಕಳೆಯಿರಿ. ನಮ್ಮ ಮಕ್ಕಳು ಇವತ್ತಿಗೂ ಹೆಚ್ಚು ನೆನೆಸಿಕೊಳ್ಳುವುದು ಆ ಕೊಳವನ್ನೇ.

ಊಟಕ್ಕೆ ಹೆದರಬೇಡಿ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಮಾತ್ರ ಬೇಡ. ನಾನು ಬೆಳಿಗ್ಗೆ ಕೋಣೆಯಲ್ಲೇ ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕುತ್ತಿದ್ದೆ. ಚಪಾತಿ, ಚಟ್ನಿಪುಡಿ ಎರಡು ದಿನ ಕೆಡುವುದಿಲ್ಲ. ಊಟದ ಕೌಂಟರ್‌ಗಳಲ್ಲಿ ಐಸ್ ನೀರು ಕೇಳಿದರೆ ಸುಮ್ನೆ ಕೊಡುತ್ತಾರೆ, ನೀರಿನ ಬಾಟಲಿ ಕೊಳ್ಳಬೇಕಿಲ್ಲ. ಒಂದು ರಾತ್ರಿಯ ಊಟಕ್ಕೆ ಮಾತ್ರ ಡಿಸ್ನಿಯ ಹೋಟೆಲ್ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿರುವ ಸನಾ ಎಂಬ ರೆಸ್ಟೋರೆಂಟ್‌ನಲ್ಲಿ ಜಾಗ ಕಾದಿರಿಸಿ. ಬಗೆಬಗೆಯ ನಾನ್, ಜೊತೆಗೆ ಹಲವು ಚಟ್ನಿ ತಂದಿಡುತ್ತಾರೆ. ಕಿಟಕಿ ಆಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಕತ್ತಲಾಗುವ ಮೊದಲೇ ಹೋಗಬೇಕು, ಇಲ್ಲದಿದ್ದರೆ ಪ್ರಾಣಿ ಕಾಣುವುದಿಲ್ಲ. ಮೂರು ದಿನ ಪಿಜ್ಜಾ ನೋಡಿ ಸುಸ್ತಾಗಿದ್ದ ಮಾವ ಅವತ್ತು ನೆಮ್ಮದಿಯಾಗಿ ಊಟ ಮಾಡಿದರು.

ಅತ್ತೆ ಮಾವನ ವಿಷಯಕ್ಕೆ ಬಂದರೆ, ಅವರನ್ನು ಮಕ್ಕಳನ್ನು ನೋಡಿಕೊಳ್ಳುವ ಕೈಯಾಳುಗಳ ಹಾಗೆ ಕರೆದುಕೊಂಡು ಹೋಗಬೇಡಿ. ಅವರಿಗೂ ಇದು ಪ್ರವಾಸವೇ. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ನಮ್ಮ ಅತ್ತೆ ಮೊದಲು "ನನಗೇನಾಗಿದೆ, ನಡೀತೀನಿ" ಎಂದು ಬೇಡವೆಂದರು. ಮಂಡಿನೋವು ಇರುವವರು. ಎರಡನೇ ದಿನ ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು ಎಂದ ಮೇಲೆ ಒಪ್ಪಿದರು. ಸಫಾರಿ ಲಾರಿ ತುಂಬಾ ಕುಲುಕುತ್ತದೆ, ಬೆನ್ನುನೋವು ಇರುವವರಿಗೆ ಬೇಡ. ಅದರ ಬದಲು ಮಹಾರಾಜ ಜಂಗಲ್ ಟ್ರೆಕ್‌ನಲ್ಲಿ ನಿಧಾನವಾಗಿ ನಡೆದು ಹುಲಿ ನೋಡಬಹುದು. ನಾವು ಸ್ಪೇಸ್ ಮೌಂಟನ್‌ಗೆ ಹೋದಾಗ ಅತ್ತೆ, ಮಾವ, ಮಗಳು ಮೂವರೂ ಸ್ಮಾಲ್ ವರ್ಲ್ಡ್ ದೋಣಿಯಲ್ಲಿ ಎರಡು ಸುತ್ತು ಹೋಗಿ ಬಂದಿದ್ದರು. ಸೀರೆ ಉಟ್ಟ ಬೊಂಬೆ ಎಲ್ಲಿ ಬಂತು ಎಂದು ಅಜ್ಜಿ ಮೊಮ್ಮಗಳು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದರು.

ನೀವು ಎರಡು ವರ್ಷ ಕಾದರೆ ಮಗನಿಗೆ 48 ಇಂಚಿನ ಟ್ರಾನ್ ಸಿಗಬಹುದು. ಆದರೆ ಆಗ ಅವನು ಮಿಕ್ಕಿ ಮೌಸ್‌ನನ್ನು ಓಡಿ ಹೋಗಿ ತಬ್ಬಿಕೊಳ್ಳುತ್ತಾನೋ ಇಲ್ಲವೋ. ಅತ್ತೆ ಮಾವನಿಗೂ ಇಪ್ಪತ್ತು ಗಂಟೆಗೂ ಮೀರಿದ ವಿಮಾನ ಪ್ರಯಾಣ ಆಗ ಇಷ್ಟು ಸುಲಭ ಇರುವುದಿಲ್ಲ. ಟ್ರಾನ್‌ಗೆ ಬೇಕಾದರೆ ಅವನು ಎಂಟು ವರ್ಷಕ್ಕೆ ಅಪ್ಪನ ಜೊತೆ ಹೋಗಲಿ.

ಫೆಬ್ರವರಿಯಲ್ಲಿ ಹೋಗುವುದಾದರೆ ಬೆಳಿಗ್ಗೆ ಒಳ್ಳೆಯ ಚಳಿ ಇರುತ್ತದೆ, ಫ್ಲೋರಿಡಾ ಎಂದು ಮೋಸ ಹೋಗಬೇಡಿ. ಅತ್ತೆ ಮಾವನಿಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಇಟ್ಟುಕೊಳ್ಳಿ. ಮಕ್ಕಳ ಜಾಕೆಟ್ ಕಳೆದ ವರ್ಷದ್ದಾದರೆ ಇವತ್ತೇ ತೆಗೆದು ತೋಳು ಸಾಲುತ್ತದಾ ನೋಡಿ.